ಬೇಲಿಯಾಚೆಯ ಎತ್ತುಗಳು

ಕೆನುವಾಪಿ ದ್ವೀಪ, ಚಿಲೊಯೆ
ಫೆಬ್ರವರಿ ೧೯, ಬುಧವಾರ

ನನ್ನ ಪುಟ್ಟ ಯಾಸ್ನಾಳಿಗೆ, ಹಿಟ್ಟು ಮೆತ್ತಿದ ಕೈಯಲ್ಲೇ ನಿನ್ನನ್ನು ತಬ್ಬಿಕೊಳ್ಳುವ ಅಮ್ಮ ಬರೆಯುವುದು.

ನೀನು ಪ್ವೆರ್ತೋ ಮೋಂತ್‌ನಿಂದ ದೋಣಿಯವನ ಕೈಯಲ್ಲಿ ಕಳಿಸಿದ ಕಾಗದ ತಲುಪಿತು. ಗುಡ್ಡದ ನೆತ್ತಿಗೆ ಹತ್ತಿ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಚೆನ್ನಾಗಿದ್ದೀಯಾಮ್ಮ’ ಅನ್ನುತ್ತೀ, ನಾನು ‘ಚೆನ್ನಾಗಿದ್ದೀನಿ’ ಅನ್ನುತ್ತೇನೆ, ಉಳಿದದ್ದನ್ನೆಲ್ಲ ಗಾಳಿ ನುಂಗುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಬರೆಯಲು ಕೂತೆ.

ನೀನು ಕೇಳಿದ್ದು ಎರಡು. ನಮ್ಮ ಮನೆಯನ್ನು ದಡದಿಂದ ಮೇಲಕ್ಕೆ ಎಳೆಯುವ ಮಿಂಗಾಕ್ಕೆ, ಆ ಕೂಡುಗೆಲಸಕ್ಕೆ, ಊರಿನವರು ಬಂದರೇ, ಮತ್ತು ಇನ್ನು ಮುಂದೆ ನೀನು ಯಾವ ಕೆಲಸ ಹಿಡಿಯಬೇಕು. ಮೊದಲನೆಯದಕ್ಕೆ ಉತ್ತರ ಸುಲಭ. ಬಂದರು. ಶನಿವಾರ ಬೆಳಿಗ್ಗೆ ಮಂಜು ಕರಗುವ ಮೊದಲೇ ಎತ್ತುಗಳ ಕೊರಳಗಂಟೆ ಕೇಳಿಸಿತು. ನಮ್ಮ ಮರದ ಮನೆ ಇಡಿಯಾಗಿ ದಿಮ್ಮಿಗಳ ಮೇಲೆ ಕೂತು ದಡದಿಂದ ಹೊರಟಿತು. ಈಗ ನಾನು ನಮ್ಮದೇ ಅಡುಗೆಮನೆಯಲ್ಲಿ, ನಮ್ಮದೇ ಮೇಜಿನ ಮುಂದೆ ಕೂತಿದ್ದೇನೆ. ಒಲೆ ಉರಿಯುತ್ತಿದೆ, ಮಾಟೆ ಎಲೆಯ ಕಷಾಯ ಕುಡಿಯಲು ನೀರು ಕಾಯುತ್ತಿದೆ. ಕಡಲು ಎಷ್ಟೇ ದಂಡೆ ಕೊರೆದರೂ ಇನ್ನು ನಮ್ಮ ಹೊಸ್ತಿಲಿಗೆ ಬರಲಾರದು. ಅಕ್ಷರ ಸೊಟ್ಟಗಿದ್ದರೆ ಬೇಸರಪಡಬೇಡ, ಪೆನ್ನು ಆಗಾಗ ಮೇಜಿನಿಂದ ಉರುಳಿ ಬೀಳುತ್ತಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನಾನು ಯಾರು? ನೀನು ಪರಿಸರ ವಿಜ್ಞಾನ ಓದುತ್ತೇನೆಂದು ವಾಲ್ದಿವಿಯಾಕ್ಕೆ ಹೊರಟಾಗ ಎರ್ಸೀಲಿಯಾ ಚಿಕ್ಕಮ್ಮ ಏನಂದಳು ನೆನಪಿದೆಯೇ? ‘ಅಲ್ವೇ, ಹಲ್ಲಿಗೆ ಡಾಕ್ಟ್ರು ಇದಾರೆ, ದನಕ್ಕೆ ಡಾಕ್ಟ್ರು ಇದಾರೆ. ಇವ್ಳು ಗಾಳಿಗೆ ಡಾಕ್ಟ್ರಾಗ್ತಾಳಾ? ಗಾಳಿ ಫೀಸು ಕೊಡತ್ತಾ?’ ಅಂದಳು. ನಾವೆಲ್ಲ ನಕ್ಕೆವು. ಆಮೇಲೆ ನಾನು ಒಬ್ಬಳೇ ಕೂತು ಅದನ್ನೇ ಯೋಚಿಸಿದ್ದೆ ಎಂದು ನಿನಗೆ ಹೇಳಿರಲಿಲ್ಲ.

ನಿನ್ನ ಜೊತೆ ಓದಿದವರು ಈಗ ಎಲ್ಲೆಲ್ಲಿದ್ದಾರೆಂದು ನೀನೇ ಬರೆದಿದ್ದೀ. ದಾನಿತ್ಸಾ ಉತ್ತರದ ಮರುಭೂಮಿಯಲ್ಲಿ ತಾಮ್ರದ ಗಣಿಗಳಿಗೆ ವರದಿ ಬರೆಯುವ ಕಚೇರಿಯಲ್ಲಿದ್ದಾಳೆ, ದಿನವಿಡೀ ಧೂಳು ಅಳೆಯುತ್ತಾಳೆ. ನಿಬಾಲ್ದೋ ಐಸೆನ್ ಕಡೆಯ ಕಾಡಿನಲ್ಲಿ ರಕ್ಷಕ, ಗಡ್ಡ ಬಿಟ್ಟಿದ್ದಾನೆ, ಮಾತು ಕಡಿಮೆ ಮಾಡಿದ್ದಾನೆ. ಒಬ್ಬಳು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಆ ಚೆಂದದ ಹುಡುಗ, ನಮ್ಮ ಮನೆಗೆ ಬಂದು ಬಾಣಲೆ ತುಂಬ ಆಲೂಗಡ್ಡೆಯ ಮಿಲ್ಕಾವೊ ರೊಟ್ಟಿ ತಿಂದು ಇನ್ನೂ ಇದೆಯಾ ಎಂದು ಕೇಳಿದವನು, ವಿಮೆ ಮಾರುತ್ತಿದ್ದಾನಂತೆ. ಅವನ ಬಗ್ಗೆ ನನಗೆ ಆಗಲೇ ಅನುಮಾನವಿತ್ತು, ಇರಲಿ.

ನೀನು ಸಾಲ್ಮನ್ ಕಂಪನಿಗೆ ಸೇರಿದೆ. ನಮ್ಮದೇ ಕೊಲ್ಲಿಯಲ್ಲಿ, ನಮ್ಮದೇ ನೀರಿನ ಮೇಲೆ ಆ ಮೀನಿನ ಪಂಜರಗಳು. ಅವುಗಳ ಕೆಳಗಿನಿಂದ ಮಣ್ಣು ಎತ್ತಿ, ನೀರಿನಲ್ಲಿ ಉಸಿರು ಎಷ್ಟಿದೆ ಎಂದು ಅಳೆದು ಮೇಲಿನವರಿಗೆ ಬರೆಯುವುದು ನಿನ್ನ ಕೆಲಸ. ‘ನಾನು ಅಳೀದಿದ್ರೆ ಈ ಕೊಲ್ಲಿ ಗೊತ್ತಿಲ್ದೆ ಇರೋ ಯಾರೋ ಬಂದು ಅಳೀತಾರಮ್ಮ’ ಎಂದು ನೀನು ಹೇಳಿದಾಗ ನನಗೆ ಸರಿಯೆನಿಸಿತ್ತು. ಈಗಲೂ ಸರಿಯೇ ಎನಿಸುತ್ತದೆ. ಕಂಪನಿ ಸೇರಿದವರೆಲ್ಲ ಊರು ಮಾರಿದವರು ಎನ್ನುವವರ ಜೊತೆ ನಾನು ಜಗಳವಾಡಿದ್ದೇನೆ, ಬ್ರೆಡ್ಡು ಕೊಳ್ಳಲು ಹೋದ ಕಡೆಯಲ್ಲೂ.

ಈಗ ನೀನು ಬರೆಯುತ್ತೀ: ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೀಯಂತೆ. ದಾನಿತ್ಸಾಳ ಕಚೇರಿಯವರು ಕರೆಯುತ್ತಿದ್ದಾರಂತೆ. ಇತ್ತ ಕಂಪನಿಯವರು ಮೇಲಿನ ಹುದ್ದೆ ಕೊಡುತ್ತೇವೆ ಎನ್ನುತ್ತಿದ್ದಾರಂತೆ. ಯಾವುದೆಂದು ತೀರ್ಮಾನಿಸಲಾಗದೆ ನೀನು ಒಂದು ಉಪಾಯ ಮಾಡಿದ್ದೀ. ಅಮ್ಮನ ಮಿಂಗಾಕ್ಕೆ ಜನ ಬಂದರೆ ಊರು ನನ್ನನ್ನು ಕ್ಷಮಿಸಿದೆ ಎಂದರ್ಥ, ಕಂಪನಿಯಲ್ಲೇ ಇರುತ್ತೇನೆ. ಬರದಿದ್ದರೆ ಉತ್ತರಕ್ಕೆ ಹೋಗಿ ಇನ್ನು ಈ ಕಡೆ ಮುಖ ಹಾಕುವುದಿಲ್ಲ. ಓದಿ ನನಗೆ ಸಿಟ್ಟೇ ಬಂತು. ಅಷ್ಟು ವರ್ಷ ಓದಿದ್ದು ಕೊನೆಗೆ ಎರ್ಸೀಲಿಯಾಳ ಎತ್ತು ಬರುತ್ತದೋ ಇಲ್ಲವೋ ಎಂದು ನೋಡಿ ಕೆಲಸ ಆರಿಸಲಿಕ್ಕೇನು?

ಆಮೇಲೆ ಸಿಟ್ಟು ಇಳಿಯಿತು. ನೀನು ಕೇಳುತ್ತಿರುವುದು ಇಡೀ ಊರಿನ ಬಗ್ಗೆ ಅಲ್ಲ, ಒಂದೇ ಮನೆಯ ಬಗ್ಗೆ ಎಂದು ಗೊತ್ತಾಯಿತು.

ದೋನ್ ಬೆಲಾರ್ಮಿನೋ ಚಿಗ್ವಾಯ್ ಅವರ ಹೆಸರನ್ನು ನೀನು ಕಾಗದದಲ್ಲಿ ಎಲ್ಲೂ ಬರೆದಿಲ್ಲ. ನಿನ್ನ ಪದವಿಯ ಕೊನೆಯ ವರ್ಷ ನಿನ್ನನ್ನು ತಮ್ಮ ದೋಣಿಯಲ್ಲಿ ಕೂರಿಸಿಕೊಂಡು ಕೊಲ್ಲಿಯೆಲ್ಲ ಸುತ್ತಿಸಿದವರು ಅವರೇ. ನೀನು ಡಬ್ಬಿಗಳಲ್ಲಿ ಕೆಸರು ತುಂಬಿಕೊಳ್ಳುವಾಗ ‘ಈ ಹುಡ್ಗಿ ನಮ್ಮ ಸಮುದ್ರಾನ ಉಪ್ಪಿನಕಾಯಿ ಹಾಕ್ತಾಳೆ’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಕಳೆದ ಚಳಿಗಾಲ ಅವರ ಮೀನುಗಾರರ ಸಂಘ ಕೊಲ್ಲಿಯಲ್ಲಿ ಸಾಕಿದ್ದ ಕಪ್ಪೆಚಿಪ್ಪುಗಳೆಲ್ಲ ಬಾಯಿ ಬಿಟ್ಟು ಸತ್ತವು. ಚರ್ಚಿನ ಪಕ್ಕದ ಸಭೆಮನೆಯಲ್ಲಿ ಅವರು ಎದ್ದು ನಿಂತು, ಸತ್ತ ಚಿಪ್ಪುಗಳನ್ನು ಟೋಪಿಯಿಂದ ಮೇಜಿನ ಮೇಲೆ ಸುರಿದು ಕೇಳಿದರು. ‘ಯಾಸ್ನಾ, ನೀನು ನಮ್ಮ ಹುಡ್ಗಿ. ನಿಮ್ಮ ಪಂಜರದ ಕೆಳ್ಗೆ ಏನಾಗಿದೆ ಅಂತ ನಿಂಗೊತ್ತು. ಇವು ಅದ್ರಿಂದ್ಲೇ ಸತ್ವಾ?’

ನೀನು ಕಂಪನಿಯ ಜಾಕೀಟು ಹಾಕಿಕೊಂಡು ನಿಂತಿದ್ದೆ. ಆ ಮಾಹಿತಿ ಕಂಪನಿಗೆ ಸೇರಿದ್ದು, ಹೇಳುವ ಹಾಗಿಲ್ಲ ಎಂದೆ. ಅವರು ಚಿಪ್ಪುಗಳನ್ನು ಒಂದೊಂದಾಗಿ ಮತ್ತೆ ಟೋಪಿಗೆ ಹಾಕಿಕೊಂಡರು. ಅವರು ಬೈದಿದ್ದರೆ ವಾಸಿಯಿತ್ತು. ಅವತ್ತು ಹೋದವಳು ನೀನು ಇನ್ನೂ ಮನೆಗೆ ಬಂದಿಲ್ಲ. ಮೊದಲು ರಜೆ ಇಲ್ಲ ಅಂದೆ, ಆಮೇಲೆ ಕಡಲು ಜೋರಾಗಿದೆ ಅಂದೆ. ಮಿಂಗಾಕ್ಕೂ ಬರಲಿಲ್ಲ. ನೀನು ಬಂದರೆ ಜನ ಬರುವುದಿಲ್ಲ ಎಂದು ಹೆದರಿದ್ದೀ. ನನಗೆ ಅರ್ಥವಾಗುತ್ತದೆ ಮಗಳೇ. ಆದರೂ ಕಿಟಕಿಗಳನ್ನೆಲ್ಲ ಕಳಚಿ ಮನೆ ಬೋಳಾಗಿ ನಿಂತಾಗ ನಿನ್ನನ್ನು ನೆನೆದು ಅತ್ತುಬಿಟ್ಟೆ.

ಸರಿ, ಮಿಂಗಾದ ಕಥೆಗೆ ಬರುತ್ತೇನೆ. ಮನೆ ಎಳೆಸುವವರು ಮೊದಲು ಮನೆಮನೆಗೆ ಹೋಗಿ ಬೇಡಿಕೊಳ್ಳಬೇಕಲ್ಲ, ಹೋದೆ. ಕೂಗಿ ಕರೆದರೆ ಆಗದು, ಯಾರ ಕೈಯಲ್ಲೋ ಹೇಳಿಕಳಿಸಿದರೂ ಆಗದು. ಒಳಗೆ ಹೋಗಿ, ಒಲೆಯ ಪಕ್ಕ ಕೂತು, ಅವರು ಕೊಟ್ಟ ಮಾಟೆ ಕುಡಿದು, ಆಮೇಲೆ ಬಾಯಿ ಬಿಟ್ಟು ‘ನನ್ನ ಮನೆ ಎಳ್ಕೊಡ್ತೀರಾ’ ಎಂದು ಕೇಳಬೇಕು. ಎಲ್ಲರೂ ಹೂಂ ಅಂದರು. ನಿನ್ನ ಹೆಸರು ಬಂದ ಕಡೆಯೂ ಹೂಂ ಅಂದರು. ಎರ್ಸೀಲಿಯಾ ಮಾತ್ರ ಎತ್ತಿನ ಜೊತೆಗೆ ಹುಲ್ಲನ್ನೂ ತಾನೇ ತರಬೇಕಾ ಎಂದು ರಾಗ ಎಳೆದಳು. ಅವಳು ಹಾಗೇ.

ಒಂದು ಮನೆಗೆ ನಾನು ಹೋಗಲಿಲ್ಲ.

ಹೋಗಬೇಕೆಂದು ಅವರ ಗೇಟಿನವರೆಗೆ ನಡೆದೆ. ಕೈ ಗೇಟಿನ ಮೇಲಿಟ್ಟೆ. ಅವರು ಒಲ್ಲೆ ಎಂದರೆ? ಆ ಒಲ್ಲೆಯನ್ನು ನಿನಗೆ ಬರೆದು ತಿಳಿಸಬೇಕಲ್ಲ? ಕೇಳದೇ ಇದ್ದರೆ ಒಲ್ಲೆ ಎನ್ನುವುದೂ ಇಲ್ಲ ಎಂದು ಲೆಕ್ಕ ಹಾಕಿ ತಿರುಗಿ ಬಂದೆ. ಕರೆಯದ ಮನೆಯವರು ಮಿಂಗಾಕ್ಕೆ ಬರುವಂತಿಲ್ಲ. ಬಂದರೆ ಅವರಿಗೇ ಅವಮಾನ. ಅದನ್ನು ನಾನು ಬಲ್ಲೆ, ಬಲ್ಲವಳಾಗಿಯೇ ಬಿಟ್ಟೆ.

ಈಗ ಪೆನ್ನು ಏಕೆ ಉರುಳುತ್ತದೆ ಎಂದು ಹೇಳಿಬಿಡುತ್ತೇನೆ. ದಡದಿಂದ ನಮ್ಮ ಮೇಲಿನ ಜಾಗಕ್ಕೆ ನೆಟ್ಟಗಿನ ದಾರಿ ದೋನ್ ಬೆಲಾರ್ಮಿನೋ ಅವರ ಹೊಲದ ಮೇಲೆ. ಗಟ್ಟಿ ನೆಲ, ಸಣ್ಣ ಏರು. ಅವರನ್ನು ಕೇಳಲಿಲ್ಲವಾದ್ದರಿಂದ ಬೇಲಿ ಬಿಚ್ಚುವ ಮಾತೇ ಇಲ್ಲ. ಹಾಗಾಗಿ ಬೇಲಿಯ ಪಕ್ಕದ ಜೌಗಿನಲ್ಲಿ ಬಳಸಿಕೊಂಡು ಹೋಗೋಣ ಎಂದೆ. ಮಿಂಗಾ ನಡೆಸುತ್ತಿದ್ದ ಮುದುಕ ಮೇಸ್ತ್ರಿ ನನ್ನ ಮುಖವನ್ನೇ ನೋಡಿದ. ‘ಬೇಸಿಗೆ ಅಂತ ಜೌಗು ಒಣಗಿರತ್ತೆ ಅನ್ಕೊಂಡ್ಯಾ ತಾಯಿ? ಅದು ಹೊಟ್ಟೆಲಿ ನೀರಿಟ್ಕೊಂಡಿರತ್ತೆ’ ಎಂದ. ನಾನು ಹಟ ಹಿಡಿದೆ. ಮನೆ ನನ್ನದು, ಅವನು ಎತ್ತುಗಳನ್ನು ಜೌಗಿನ ಕಡೆ ತಿರುಗಿಸಿದ.

ಮೊದಮೊದಲು ಚೆನ್ನಾಗಿಯೇ ಸಾಗಿತು. ದಿಮ್ಮಿಗಳ ಮೇಲೆ ನಮ್ಮ ಮನೆ, ಮರದ ಹಂಚಿನ ಸಮೇತ, ಚರಚರ ಎನ್ನುತ್ತ ನಡೆಯುತ್ತಿತ್ತು. ಹೆಂಗಸರು ಹಗ್ಗ ಹಿಡಿದಿದ್ದರು. ಒಬ್ಬ ಅಕಾರ್ಡಿಯನ್ ನುಡಿಸುತ್ತಿದ್ದ. ಎರ್ಸೀಲಿಯಾ ನನ್ನ ಕಿವಿಯಲ್ಲಿ ‘ನಿನ್ನ ಮನೆ ನಿನ್ಗಿಂತ ಚೆನ್ನಾಗಿ ನಡೀತದೆ’ ಅಂದಳು. ಆಮೇಲೆ ಜೌಗಿನ ನಡುವೆ ಎಡಗಡೆಯ ದಿಮ್ಮಿ ಮೂಗು ಕೆಳಗೆ ಮಾಡಿ ಹೂತುಕೊಂಡಿತು. ಸರಪಳಿ ಕಿತ್ತುಹೋಯಿತು. ಎತ್ತುಗಳು ಹೊಟ್ಟೆಯವರೆಗೆ ಕೆಸರಾದವು. ಎಷ್ಟು ಕೂಗಿ ಎಳೆದರೂ ಮನೆ ಇನ್ನಷ್ಟು ವಾಲಿತೇ ಹೊರತು ಮುಂದೆ ಹೋಗಲಿಲ್ಲ. ಕೊನೆಗೆ ಮೇಸ್ತ್ರಿ ಕೈ ಎತ್ತಿ ನಿಲ್ಲಿಸಿದ. ಪಕ್ಕದ ಗಟ್ಟಿ ಹೊಲಕ್ಕೆ ಅಡ್ಡಲಾಗಿ ಎಳೆಯಬೇಕು, ಅದಕ್ಕೆ ಬೇಲಿ ಬಿಚ್ಚಬೇಕು, ದ್ವೀಪದಲ್ಲೇ ಬಲವಾದ ಆ ಜೋಡಿ ಬೇಕು ಎಂದ. ಯಾವ ಜೋಡಿ ಎಂದು ಅವನು ಹೇಳಬೇಕಾಗಿರಲಿಲ್ಲ.

ಆ ಜೋಡಿ ಬೇಲಿಯಾಚೆಯೇ ನಿಂತಿತ್ತು. ನೊಗ ಹೂಡಿಯೇ ನಿಂತಿತ್ತು. ದೋನ್ ಬೆಲಾರ್ಮಿನೋ ಅದರ ಪಕ್ಕ, ಕೈಯಲ್ಲಿ ಬಾರುಕೋಲು ಹಿಡಿದು, ಭಾನುವಾರದ ಟೋಪಿ ಹಾಕಿಕೊಂಡು ನಿಂತಿದ್ದರು. ನಾನು ಕರೆಯಲು ಬರುತ್ತೇನೆಂದು ಬೆಳಗಿನಿಂದ ಕಾದಿದ್ದರು ಯಾಸ್ನಾ. ಅದನ್ನು ನೋಡಿ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಬೇಲಿಯ ಹತ್ತಿರ ಹೋದೆ. ಎಲ್ಲರೂ ನೋಡುತ್ತಿದ್ದರು. ಅವರು ನನ್ನ ಕೆಸರಿನ ಕಾಲು ನೋಡಿ, ‘ಓತೀಲಿಯಾ, ಆ ಕುಂಟು ಎತ್ತಿನ ಲೂಚೋನ್ನ ಕರ್ದೆ. ಹಲ್ಲಿಲ್ಲದ ಅವನ ಅತ್ತೇನೂ ಹಗ್ಗ ಹಿಡಿಯಕ್ಕೆ ಕರ್ದೆ. ನಮ್ಮನೆ ಗೇಟಲ್ಲಿ ನಾಯಿ ಕಚ್ಚತ್ತಾ?’ ಅಂದರು.

ನನಗೆ ಸುಳ್ಳು ಹೊಳೆಯಲಿಲ್ಲ. ‘ನೀವು ಒಲ್ಲೆ ಅಂತೀರಿ ಅಂತ ಹೆದರ್ಕೊಂಡೆ ದೋನ್ ಬೆಲಾರ್ಮಿನೋ’ ಅಂದೆ.

‘ಕೇಳೋ ಮುಂಚೆ ನನ್ನ ಉತ್ತರ ನೀನೇ ಹೇಳ್ಕೊಂಡ್ಬಿಟ್ಯಾ? ನಿನ್ನ ಮಗಳೂ ಅಷ್ಟೇ. ಸಭೇಲಿ ಹೇಳಕ್ಕಾಗಲ್ಲ ಅಂದ್ಳು, ಸರಿ. ಕಂಪನಿ ಬಾಯಿಗೆ ಬೀಗ ಹಾಕಿರತ್ತೆ, ನಂಗೇನು ಗೊತ್ತಾಗಲ್ವಾ? ಮಾರನೇ ದಿನ ನನ್ನ ಒಲೆ ಹತ್ರ ಬಂದು ಕೂತ್ಕೋಬಹುದಿತ್ತು. ಏನೂ ಹೇಳ್ದೆ ಸುಮ್ನೆ ಕೂತಿದ್ರೂ ಸಾಕಿತ್ತು.’

ಎರ್ಸೀಲಿಯಾ ಹಿಂದಿನಿಂದ, ‘ಅಯ್ಯೋ ದೋನ್ ಬೆಲಾರ್ಮಿನೋ, ಮನೆ ಮುಳುಗ್ತಾ ಇದೆ, ಪಂಚಾಯ್ತಿ ಆಮೇಲೆ ಮಾಡಿ’ ಎಂದಳು. ಯಾರೋ ನಕ್ಕರು. ಅವರು ನಗಲಿಲ್ಲ. ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು. ‘ಅವ್ಳಿಗೆ ಗೊತ್ತಾ? ಚಿಪ್ಪು ಯಾಕೆ ಸತ್ತಿದ್ದು ಅಂತ?’

ನೀನು ನನಗೆ ಬರೆದಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಪಂಜರದ ಕೆಳಗಿನ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿದ್ದುದು, ನೀನು ಮೇಲಿನವರಿಗೆ ಮತ್ತೆ ಮತ್ತೆ ಬರೆದರೂ ಅವರು ನೋಡೋಣ ಎನ್ನುತ್ತಿದ್ದುದು, ಎಲ್ಲ. ನಾನು ನುಂಗಿಕೊಂಡೆ. ಅದನ್ನು ಹೇಳಬೇಕಾದವಳು ನೀನು, ಅಮ್ಮನ ಬಾಯಿಂದ ಬರುವ ಮಾತಲ್ಲ. ‘ಅವಳನ್ನೇ ಕೇಳಿ’ ಅಂದೆ.

‘ಹಾಗಿದ್ರೆ ಎತ್ತನ್ನೂ ಅವಳೇ ಬಂದು ಕೇಳ್ಲಿ’ ಎಂದು ಹೇಳಿ ಅವರು ನೊಗ ಬಿಚ್ಚಿ ಎತ್ತುಗಳನ್ನು ಹೊಡೆದುಕೊಂಡು ಹೋದರು.

ಆದ್ದರಿಂದ ಮನೆ ಇಲ್ಲಿದೆ, ಅರ್ಧ ದಾರಿಯಲ್ಲಿ. ಮಿಂಗಾದ ಊಟಕ್ಕೆಂದು ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಬೇಯಲು ಇಟ್ಟಿದ್ದ ಕುರಾಂತೋವನ್ನು ಜನ ಹಾಗೇ ಮುಚ್ಚಿಡಲಿಲ್ಲ ಬಿಡು, ಕಾದ ಕಲ್ಲು ಯಾರಿಗೂ ಕಾಯುವುದಿಲ್ಲ. ಅಲ್ಲೇ ಜೌಗಿನ ಅಂಚಿನಲ್ಲಿ ಕೂತು ಮಾಂಸ, ಆಲೂಗಡ್ಡೆ ಎಲ್ಲ ತಿಂದರು, ಸೇಬಿನ ಚಿಚಾ ಕುಡಿದರು, ವಾಲಿದ ಮನೆ ನೋಡಿ ತಮಾಷೆ ಮಾಡಿದರು. ತನ್ನ ಮನೆಗೆ ಬಾ ಎಂದು ಎರ್ಸೀಲಿಯಾ ಕರೆದಳು, ನಾನು ಒಪ್ಪಲಿಲ್ಲ. ಒಲೆಯನ್ನು ಒಳಗೆ ತರಿಸಿ, ಕಿಟಕಿ ಕೂರಿಸಿ, ಇಲ್ಲೇ ಇದ್ದೇನೆ. ಹಾಸಿಗೆ ಜಾರದ ಹಾಗೆ ಕಾಲಿಗೆ ಕಟ್ಟಿಗೆ ಕೊಟ್ಟಿದ್ದೇನೆ. ಬೆಕ್ಕಿಗೆ ಮಾತ್ರ ಭಾರಿ ಖುಷಿ, ಚೆಂಡು ತಾನಾಗಿಯೇ ಉರುಳುತ್ತದೆ.

ಈಗ ನಿನ್ನ ಎರಡನೆಯ ಪ್ರಶ್ನೆ. ಗಣಿಯ ಕಚೇರಿಯಾದರೆ ಗಣಿ. ಅಲ್ಲಿಯ ಧೂಳನ್ನೂ ಯಾರಾದರೂ ಸರಿಯಾಗಿ ಅಳೆಯಬೇಕಲ್ಲ, ಆ ಊರಿನಲ್ಲೂ ಮಕ್ಕಳಿರುತ್ತಾರೆ. ಕಂಪನಿಯಲ್ಲೇ ಮೇಲೆ ಹತ್ತಿ ಅವರ ಕಿವಿ ಹಿಂಡುತ್ತೇನೆ ಎಂದರೆ ಅದೂ ಆಗಬಹುದು, ನಿನಗೆ ಆ ಗಟ್ಟಿತನವಿದೆ. ದೋನ್ ಬೆಲಾರ್ಮಿನೋ ಅವರ ಸಂಘಕ್ಕೂ ಕೊಲ್ಲಿ ನೋಡಿಕೊಳ್ಳುವವರೊಬ್ಬರು ಬೇಕಾಗಿದ್ದಾರೆ. ಈಗ ಪಟ್ಟಣದಿಂದ ಒಬ್ಬ ಬಂದು ಫೋಟೋ ತೆಗೆದು, ಊಟ ಮಾಡಿ ಹೋಗುತ್ತಾನಂತೆ. ಅಲ್ಲಿ ಸಂಬಳ ಅಷ್ಟಕ್ಕಷ್ಟೇ, ಇದನ್ನು ಆಸೆ ತೋರಿಸಲು ಬರೆಯುತ್ತಿಲ್ಲ. ಶಾಲೆಯಾದರೂ ಸರಿ. ವಿಮೆ ಮಾತ್ರ ಬೇಡ. ಯಾವುದನ್ನು ಆರಿಸಿದರೂ ನಾನು ನಿನ್ನ ಅಮ್ಮನೇ.

ಆದರೆ ಆರಿಸುವ ಮೊದಲು ಒಮ್ಮೆ ಮನೆಗೆ ಬಾ. ನೀನು ಕಂಡದ್ದನ್ನು ಅವರಿಗೆ ಹೇಳಿದರೆ ಕೆಲಸ ಹೋಗಬಹುದು. ಹೋದರೆ ಹೋಗಲಿ ಎಂದು ನಾನು ಸಲೀಸಾಗಿ ಹೇಳಲಾರೆ, ನೀನು ಅದಕ್ಕೆ ಎಷ್ಟು ಕಷ್ಟಪಟ್ಟೆ ಎಂದು ನೋಡಿದ್ದೇನೆ. ಹೇಳುವುದೋ ಬಿಡುವುದೋ ನಿನ್ನ ಇಷ್ಟ. ಹೇಳಲಾಗದಿದ್ದರೆ ಹೇಳಲಾಗುತ್ತಿಲ್ಲ, ನನಗೂ ನಿದ್ದೆ ಬರುತ್ತಿಲ್ಲ ಎಂದಾದರೂ ಅವರ ಒಲೆಯ ಪಕ್ಕ ಕೂತು ಹೇಳು. ನೀನು ಉತ್ತರಕ್ಕೆ ಹೋಗುವುದಾದರೆ ನೆಟ್ಟಗೆ ಹೋಗು, ಅವರ ಗೇಟು ತಪ್ಪಿಸಿ ಬಳಸಿಕೊಂಡು ಹೋಗಬೇಡ. ಬಳಸು ದಾರಿ ಹೇಗಿರುತ್ತದೆ ಎಂದು ನಾನು ನೋಡಿಯಾಯಿತು, ಮೊಣಕಾಲಿನವರೆಗೆ ನೋಡಿದೆ.

ಬರುವ ಶನಿವಾರದ ದೋಣಿ ಖಾಲಿಯಿರುತ್ತದಂತೆ. ಬರುವಾಗ ಆ ಜಾಕೀಟು ಹಾಕಿಕೊಂಡೇ ಬಾ ಬೇಕಾದರೆ, ಬೇಸಿಗೆಯಾದರೂ ನೀರಿನ ಮೇಲೆ ಚಳಿಯಿರುತ್ತದೆ. ನೀನು ಏನು ಓದಿದೆಯೋ ಅದರ ಬಗ್ಗೆ ನನಗೆ ಒಂದು ದಿನವೂ ನಾಚಿಕೆಯಾಗಿಲ್ಲ.

ವಾಲಿದ ಮನೆಯಿಂದ, ನೆಟ್ಟಗೆ ಕೂತು,
ನಿನ್ನ ಅಮ್ಮ
ಓತೀಲಿಯಾ ನವೆಲ್ಕಿನ್

ಕಾಗದ ಮಡಿಚಿದ ಮೇಲೆ ಬರೆದದ್ದು: ಸುಳ್ಳು ಹೇಳಿದ ಹೊಟ್ಟೆಗೆ ರೊಟ್ಟಿ ಇಳಿಯುತ್ತಿಲ್ಲ, ಅದಕ್ಕೆ ಇದನ್ನೂ ಬರೆಯುತ್ತೇನೆ. ದೋನ್ ಬೆಲಾರ್ಮಿನೋ ಸೋಮವಾರವೇ ಬಂದರು. ‘ಹುಡ್ಗಿ ಬರ್ಲಿ ಅಂದಿದ್ದು ಸಿಟ್ಟಲ್ಲಿ. ನೀನು ಹೀಗೆ ವಾಲ್ಕೊಂಡಿರೋದು ನೋಡಕ್ಕಾಗಲ್ಲ, ನಡಿ ಎಳ್ದುಬಿಡೋಣ’ ಅಂದರು. ಬೇಲಿಯ ಗೂಟಗಳನ್ನು ತಾವೇ ಕಿತ್ತು ಜೋಡಿಸಿಟ್ಟಿದ್ದಾರೆ. ಶನಿವಾರದ ದೋಣಿ ಬರುವವರೆಗೆ ತಡೆಯಿರಿ ಎಂದವಳು ನಾನು. ಎತ್ತುಗಳು ಈಗ ಬೇಲಿಯಾಚೆ ಇಲ್ಲ, ನನ್ನ ಅಡುಗೆಮನೆಯ ಕಿಟಕಿಯ ಕೆಳಗೇ ಕಟ್ಟಿವೆ, ಇದನ್ನು ಬರೆಯುವಾಗಲೂ ಮೆಲುಕು ಹಾಕುತ್ತಿವೆ. ಮನೆಯನ್ನು ಹಿಡಿದು ನಿಲ್ಲಿಸಿರುವುದು ಕೆಸರಲ್ಲ ಮಗಳೇ, ನಾನು. ಬೇಗ ಬಾ. ಅವು ತಿನ್ನುತ್ತಿರುವ ಹುಲ್ಲು ಎರ್ಸೀಲಿಯಾಳದ್ದು.